ಮೂಗು ಕಟ್ಟಿದ್ದಾಗ ಹೋದ ಬೆಳೆ

ಥಾಯ್ಲೆಂಡಿಗೆ ಹೋಗಿ ನಾನು ತಂದದ್ದು ಎರಡೇ: ಕೆಟ್ಟ ಹೊಟ್ಟೆ, ಕಟ್ಟಿದ ಮೂಗು. ಊರಿನ ನಾಲ್ಕು ಜನ ರೇಷ್ಮೆ ಬೆಳೆಗಾರರು ಸೇರಿ ಪ್ಯಾಕೇಜ್ ಟೂರು ಹೊರಟಿದ್ದೆವು. ಆರು ದಿನವೂ ಎಸಿ ಬಸ್ಸು, ಐಸು ಹಾಕಿದ ಎಳನೀರು, ರಸ್ತೆಬದಿಯ ಸೀಗಡಿ. ಮತ್ತೆ ಸಿಗುವುದಿಲ್ಲವೇನೋ ಎಂಬಂತೆ ತಿಂದೆ. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಹೊಟ್ಟೆ ಕೈಕೊಟ್ಟಿತ್ತು, ಹುಬ್ಬಿನ ಮೇಲೆ ಕಲ್ಲಿಟ್ಟಂಥ ಭಾರ.

ಆಮೇಲೆ ಊರವರ ವೈದ್ಯ ಶುರುವಾಯಿತು. ಹೊಟ್ಟೆಗೆ ಮಜ್ಜಿಗೆ ಕುಡಿ ಎಂದವರೇ ಮೂಗಿಗೆ ಮಜ್ಜಿಗೆ ಮುಟ್ಟಬೇಡ ಎಂದರು. ಪಕ್ಕದ ಮನೆಯವನು, "ಏಮಪ್ಪಾ, ಫಾರಿನ್ ನೆಗಡಿನಾ? ನಮ್ಗೂ ಸ್ವಲ್ಪ ಕೊಡೋ," ಎಂದು ನಕ್ಕ. ಡಾಕ್ಟರು ಸೈನಸ್ಸು ಎಂದು ಮಾತ್ರೆ ಕೊಟ್ಟು, ನೀಲಗಿರಿ ಎಣ್ಣೆ ಹಾಕಿ ದಿನಕ್ಕೆರಡು ಸಲ ಹಬೆ ತೆಗೆದುಕೊಳ್ಳಿ ಎಂದರು. ಮಾತ್ರೆ ನುಂಗಿದೆ, ಹಬೆ ಬಿಟ್ಟೆ. ಆ ಎಣ್ಣೆಯ ಘಾಟು ರೇಷ್ಮೆಹುಳಕ್ಕೆ ಆಗದು; ಅದು ಮೈಮೇಲಿದ್ದರೆ ಹುಳ ಸಾಕುವ ಮನೆಗೆ ಕಾಲಿಡುವಂತಿಲ್ಲ.

ಆ ಮನೆಯಲ್ಲಿ ನನಗೊಂದು ಕೆಲಸವಿತ್ತು. ಬೆಳಗ್ಗೆ ಬಾಗಿಲು ತೆಗೆದು ಮೂಸಿ ನೋಡುವುದು. ರೇಷ್ಮೆಹುಳಕ್ಕೆ ಸಪ್ಪೆ ರೋಗ ತಗುಲಿದರೆ ಕಣ್ಣಿಗೆ ಕಾಣುವ ಮೊದಲೇ ಹುಳಿ ನಾತ ಬರುತ್ತದೆ. ಅಪ್ಪನಿಂದ ಬಂದ ಮೂಗು ನನ್ನದು. ಅದರ ಮೇಲೆ ಎಲ್ಲಿಲ್ಲದ ಜಂಬ.

ನಾನಿಲ್ಲದಾಗ ಹೆಂಡತಿ ಒಬ್ಬಳೇ ಸೊಪ್ಪು ಕೊಯ್ದು ಹುಳಗಳನ್ನು ನಾಲ್ಕನೇ ಜ್ವರ ದಾಟಿಸಿದ್ದಳು. ಹುಳ ಪೊರೆ ಬಿಡುವ ನಿದ್ದೆಗೆ ನಮ್ಮಲ್ಲಿ ಜ್ವರ ಎಂದೇ ಹೆಸರು. ಇನ್ನು ಐದಾರು ದಿನ ಸೊಪ್ಪು ತಿಂದರೆ ಗೂಡು ಕಟ್ಟುತ್ತಿದ್ದವು.

"ರೀ, ಯಾಕೋ ಹುಳಿ ವಾಸ್ನೆ ಬರ್ತಾ ಐತೆ. ಸ್ವಲ್ಪ ನೋಡಿ," ಎಂದಳು.

ನನ್ನ ಮೂಗಿಗೆ ಅಂದು ಕಾಫಿಯೂ ಒಂದೇ, ಸಗಣಿಯೂ ಒಂದೇ. ಹಾಗೆಂದು ಹೇಳಲು ಬಾಯಿ ಬರಲಿಲ್ಲ. "ನಿನ್ ಮೂಗಿಗೇನ್ ಗೊತ್ತು ಕಣೇ? ಏನೂ ಇಲ್ಲ, ಸೊಪ್ಪು ಹಾಕು," ಎಂದೆ. ಹಾಕಿದಳು.

ಮೂರನೇ ದಿನ ಹುಳಗಳು ಸೊಪ್ಪು ಮುಟ್ಟಲಿಲ್ಲ. ನೀರು ನೀರಾಗಿ ಹಿಕ್ಕೆ ಹಾಕಿ, ಮೆತ್ತಗಾಗಿ ಬಿದ್ದವು. ನನ್ನ ಹೊಟ್ಟೆಗೆ ಬಂದದ್ದೇ ಅವಕ್ಕೂ ಬಂದ ಹಾಗಿತ್ತು. ನನಗಾದರೋ ಮಾತ್ರೆ ಇತ್ತು. ಮೊದಲ ದಿನವೇ ರೋಗದ ಹುಳ ಆರಿಸಿ ತೆಗೆದು ಸುಣ್ಣ ಉದುರಿಸಿದ್ದರೆ ಅರ್ಧ ಬೆಳೆಯಾದರೂ ಉಳಿಯುತ್ತಿತ್ತು.

ಗುಂಡಿ ತೋಡಿ ಬುಟ್ಟಿ ಬುಟ್ಟಿ ಸುರಿದೆವು. "ಈ ಸಲ ಹವಾನೇ ಸರಿ ಇಲ್ಲ," ಎಂದೆ ನಾನು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅವಳು ತಲೆಯೆತ್ತಲಿಲ್ಲ. "ಹವಾ ಅಲ್ಲ ರೀ. ಮೂಗು ಕಟ್ಟೈತೆ, ಗೊತ್ತಾಗ್ತಿಲ್ಲ ಅಂದಿದ್ರೆ ಸಾಕಾಗಿತ್ತು."

ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೂ ತಪ್ಪಾಯಿತು ಎನ್ನಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಹೊಟ್ಟೆ ವಾರದಲ್ಲಿ ಸರಿಹೋಯಿತು, ಮೂಗು ಎರಡು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ತಟ್ಟನೆ ಕಾಫಿಯ ವಾಸನೆ ಬಂತು. ಹೆಂಡತಿಗೆ ಹೇಳೋಣವೆಂದು ಲೋಟ ಹಿಡಿದೇ ಹುಳದ ಮನೆಗೆ ಓಡಿದೆ. ಹೊಸ ಬೆಳೆ ಇಟ್ಟಿದ್ದಳು. ಬಾಗಿಲು ತೆಗೆದು, ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತು, ಅವಳೇ ಮೂಸುತ್ತಿದ್ದಳು.

"ಮೂಗು ಬಿಟ್ಟಿದೆ ಕಣೇ," ಎಂದೆ.

"ಒಳ್ಳೇದಾಯ್ತು. ಕಾಫಿ ಕುಡೀರಿ," ಎಂದು ಒಳಗೆ ಹೋದಳು.