ಏನ್ ಓದ್ತಾ ಇದೀಯವ್ವಾ?

ಹೆಣ್ಣು ನೋಡಲು ಬಂದವರು "ಏನ್ ಓದ್ತಾ ಇದೀಯವ್ವಾ?" ಎಂದು ಕೇಳಿದರೆ ಎಷ್ಟನೇ ಕ್ಲಾಸು ಎಂದು ಅರ್ಥ. ಇದು ಚನ್ನಗಿರಿಯಲ್ಲಿ ಹಸುಗೂಸಿಗೂ ಗೊತ್ತು. ನಮ್ಮಕ್ಕನಿಗೆ ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅವಳ ತಲೆ ಬೇರೆ ಕಡೆ ಇತ್ತು. ಅವಳ ತಲೆ ಯಾವಾಗಲೂ ಬೇರೆ ಕಡೆಯೇ ಇರುತ್ತಿತ್ತು ಬಿಡಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ನಾನು ಪಿಯುಸಿ ಓದುತ್ತಿದ್ದೆ. ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದಳು. ಕೂತವಳು ಸುಮ್ಮನೆ ಕೂರಲಿಲ್ಲ, ಬಸ್ ಸ್ಟ್ಯಾಂಡಿನ ಹಿಂದಿದ್ದ ಬಾಡಿಗೆ ಪುಸ್ತಕದ ಅಂಗಡಿಯ ಕಾದಂಬರಿಗಳನ್ನೆಲ್ಲ ಒಂದು ಕಡೆಯಿಂದ ಓದಿ ಮುಗಿಸತೊಡಗಿದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅನ್ನ ತಳ ಹಿಡಿದರೂ ಕಾದಂಬರಿ ಕಾರಣ, ಅಕ್ಕನಿಗೆ ಕನ್ನಡಕ ಬಂದದ್ದಕ್ಕೂ ಕಾದಂಬರಿಯೇ ಕಾರಣ ಎಂದು ಅವಳು ಬೈಯುತ್ತಿದ್ದಳು. ಕನ್ನಡಕ ನೋಡಿದ್ದೇ ಎರಡು ಸಂಬಂಧ ತಪ್ಪಿಹೋಗಿದ್ದವು. ಆದ್ದರಿಂದ ಜಗಳೂರಿನವರು ಬರುವ ದಿನ ಅವ್ವ ಅಕ್ಕನ ಕನ್ನಡಕವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು, "ಹತ್ತನೇ ಕ್ಲಾಸು ಅಂತ ಹೇಳು, ಬಾಯಿ ಮುಚ್ಚು" ಎಂದು ಬೆಳಿಗ್ಗೆಯಿಂದ ಪಾಠ ಮಾಡಿದ್ದಳು.

ಜಗಳೂರಿನಿಂದ ಬಂದವರು ಹುಡುಗ, ಅವನ ತಾಯಿ, ಮತ್ತು ಎರಡೂ ಕಡೆಗೆ ಬೇಕಾದ ಒಬ್ಬ ಶೇಂಗಾ ವ್ಯಾಪಾರಿ. ಮಾತೆಲ್ಲ ತಾಯಿಯದೇ. ಎತ್ತರದ ಹೆಂಗಸು, ನಡುಮನೆಯ ಚಾಪೆಯ ಮೇಲೆ ಕಾಲು ಚಾಚಿ ಕೂತರು. ಅಕ್ಕ ಉಪ್ಪಿಟ್ಟಿನ ತಟ್ಟೆ ಇಟ್ಟು ನಿಂತಾಗ ಅವರು ಕೇಳಿದರು:

"ಏನ್ ಓದ್ತಾ ಇದೀಯವ್ವಾ?"

"ಒಂದು ಕಾದಂಬರಿ" ಎಂದಳು ಅಕ್ಕ. "ಇನ್ನ ಸ್ವಲ್ಪ ಉಳದೈತೆ."

ಅಪ್ಪ ಕೆಮ್ಮಿದರು. ಅವ್ವ ಬಾಗಿಲ ಹಿಂದೆ ನನ್ನ ತೋಳು ಹಿಡಿದು ಜಿಗುಟಿದಳು, ಹೇಳಿದ್ದು ನಾನೇ ಎಂಬಂತೆ. ಆ ತಾಯಿ ಮಾತ್ರ ನಗಲಿಲ್ಲ. "ಯಾವ ಕಾದಂಬರಿ?" ಎಂದರು.

"ಹೆಸರು ಗೊತ್ತಿಲ್ಲರೀ. ರಟ್ಟು ಹರಿದೈತೆ, ಮೊದಲ್ನೇ ಹಾಳೆನೂ ಇಲ್ಲ."

"ಮತ್ತೆ ಅದನ್ನೇ ಯಾಕೆ ತಗಂಡಿ?"

ಅಕ್ಕ ಯೋಚನೆ ಮಾಡಿದಳು. "ಅದನ್ನ ಯಾರೂ ತಗಂಡು ಹೋಗಿರಲಿಲ್ಲ. ಪಾಪ ಅನ್ನಿಸ್ತು."

ಅಷ್ಟಕ್ಕೆ ಮುಗಿದಿದ್ದರೆ ಹೇಗೋ ಆಗುತ್ತಿತ್ತು. "ಕಥೆ ಏನು?" ಎಂದುಬಿಟ್ಟರು ಅವರು. ಕಥೆ ಕೇಳಿದರೆ ನಮ್ಮಕ್ಕನಿಗೆ ಹೆಣ್ಣು ನೋಡುವ ಶಾಸ್ತ್ರವೂ ಒಂದೇ, ಸಗಣಿ ಬಳಿಯುವುದೂ ಒಂದೇ. ಅಲ್ಲೇ ಕೂತು ಶುರು ಮಾಡಿದಳು. ತುಂಬಿದ ಮನೆಗೆ ಸೊಸೆಯಾಗಿ ಹೋದ ಒಬ್ಬ ಹುಡುಗಿ. ಅವಳಿಗೆ ಓದುವ ಹುಚ್ಚು. ಅತ್ತೆ ಅವಳ ಪುಸ್ತಕಗಳನ್ನೆಲ್ಲ ಬಚ್ಚಲೊಲೆಗೆ ಹಾಕಿ ನೀರು ಕಾಯಿಸುತ್ತಾಳೆ. ಸೊಸೆ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದು ತಲೆಬಾಗಿಲ ಹೊಸ್ತಿಲ ಮೇಲೆ ನಿಲ್ಲುತ್ತಾಳೆ. "ಅಲ್ಲೀತನಕ ಓದೀನಿ" ಎಂದಳು ಅಕ್ಕ. ಉಪ್ಪಿಟ್ಟು ಆರಿ ತಣ್ಣಗಾಗಿತ್ತು. ಅತ್ತೆಯಾಗಲು ಬಂದವರ ಮುಂದೆ ಇಂಥ ಅತ್ತೆಯ ಕಥೆ! ಅವ್ವ ಒಳಗೆ ಹೋಗಿ ಮಣೆಯ ಮೇಲೆ ಕುಸಿದಳು.

"ಹೇಳಿ ಕಳಿಸ್ತೀವಿ" ಎಂದು ಜಗಳೂರಿನವರು ಎದ್ದರು. ಹೀಗೆ ಹೇಳಿ ಹೋದವರು ಹೇಳಿ ಕಳಿಸಿದ್ದನ್ನು ನಾವು ನೋಡಿರಲಿಲ್ಲ. ಅವ್ವ ಅಕ್ಕನ ಜೊತೆ ಮಾತು ಬಿಟ್ಟಳು. ಅಕ್ಕನಿಗೆ ಅದಕ್ಕಿಂತ ದೊಡ್ಡ ಸಂಕಟ ಕಾದಿತ್ತು. ರಾತ್ರಿ ಪುಸ್ತಕ ಮುಗಿಸಲು ಕೂತರೆ, ಕೊನೆಯ ಹಾಳೆಗಳೂ ಇರಲಿಲ್ಲ. ಉಳಿದಿದ್ದ ಎರಡು ಹಾಳೆಗಳಲ್ಲೂ ಹುಡುಗಿ ಹೊಸ್ತಿಲ ಮೇಲೆ ನಿಂತೇ ಇದ್ದಳು, ಅಲ್ಲಿಗೇ ಪುಸ್ತಕ ಮುಗಿದಿತ್ತು.

ಮುಂದಿನ ವಾರ ಶೇಂಗಾ ವ್ಯಾಪಾರಿ ಅಂಗಡಿಗೆ ಬರದೆ ನೇರ ಮನೆಗೇ ಬಂದರು. ಅವರ ಮುಖದಲ್ಲಿ ನಗುವೂ ಇರಲಿಲ್ಲ, ಬೇಜಾರೂ ಇರಲಿಲ್ಲ. "ಒಪ್ಪಿಗೆ ಐತೆ ಅಂತಾನೂ ಹೇಳಲಿಲ್ಲ, ಇಲ್ಲ ಅಂತಾನೂ ಹೇಳಲಿಲ್ಲ ಆ ಯಮ್ಮ. ಹೊಸ್ಲ ಮೇಲೆ ನಿಂತೋಳು ಒಳಗೆ ಹೋದ್ಲಾ, ಹೊರಗೆ ಹೋದ್ಲಾ, ತಿಳಕಂಡು ಬಾ ಅಂದ್ರು" ಎಂದರು.

ಅಪ್ಪನಿಗೆ ಇದು ಪರೀಕ್ಷೆ ಎಂದು ತಕ್ಷಣ ಅರ್ಥವಾಯಿತು. "ಒಳಗೆ ಹೋದ್ಲು, ಅತ್ತೆ ಕಾಲಿಗೆ ಬಿದ್ಲು ಅಂತ ಹೇಳ್ರಿ" ಎಂದರು.

"ನಾನು ಓದದೇ ಇರೋದನ್ನ ಹೆಂಗೆ ಹೇಳಾಕೆ ಆಗ್ತದೆ ಅಪ್ಪಾಜಿ?" ಎಂದಳು ಅಕ್ಕ. ಲೆಕ್ಕದಲ್ಲಿ ಫೇಲಾದಾಗಲೂ ಅಳದವಳು ಅವತ್ತು ಅತ್ತಳು. ಅವಳಿಗೆ ಆ ಸಂಬಂಧ ಹಿಡಿಸಿತ್ತು. ಕಥೆ ಏನು ಎಂದು ಅವಳನ್ನು ಕೇಳಿದವರು ಆ ತಾಯಿಯೊಬ್ಬರೇ.

ಮಗಳು ಅತ್ತದ್ದನ್ನು ಅವ್ವ ನೋಡಿದಳು. ಮಾರನೇ ದಿನ ಸೀರೆ ಬದಲಾಯಿಸಿ, ಹರಿದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, "ನಡಿ, ಹೊನ್ನಾಳಿಗೆ" ಎಂದು ನನ್ನನ್ನು ಎಬ್ಬಿಸಿದಳು. ಹೊನ್ನಾಳಿಯಲ್ಲಿ ಅವಳ ತಂಗಿ, ನಮ್ಮ ಚಿಗವ್ವ ಇದ್ದಳು. ತಮ್ಮ ಓಣಿಯಲ್ಲಿ ಓದುವವರು ಬಹಳ ಎಂದು ಚಿಗವ್ವ ಯಾವಾಗಲೋ ಕೊಚ್ಚಿಕೊಂಡಿದ್ದಳು. ಪುಸ್ತಕಕ್ಕೆ ಹೆಸರಿಲ್ಲ, ಬರೆದವರು ಯಾರೋ ಬಾಡಿಗೆ ಅಂಗಡಿಯವನಿಗೂ ಗೊತ್ತಿಲ್ಲ. ಹಾಗಾಗಿ ಅವ್ವ ಮನೆಮನೆಗೆ ಹೋಗಿ, ಜನ್ಮದಲ್ಲಿ ಕೇಳದ ಪ್ರಶ್ನೆಯನ್ನು ಕೇಳತೊಡಗಿದಳು: "ಏನ್ ಓದ್ತಾ ಇದೀರವ್ವಾ?"

ಪಕ್ಕದ ಮನೆಯಾಕೆ ಬೆಲ್ಲ ಕಟ್ಟಿಕೊಟ್ಟ ಹಾಳೆಯಲ್ಲಿ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು. ಕಥೆಗೆ ಮರುಳಾಗಿ, ಬೇಡದಿದ್ದರೂ ಮತ್ತೆ ಬೆಲ್ಲ ತರಿಸುತ್ತಿದ್ದಳಂತೆ. ಆದರೆ ಮುಂದಿನ ವಾರದ ಹಾಳೆಯಲ್ಲಿ ಅಂಗಡಿಯವನು ಬೇರೆ ಯಾರಿಗೋ ಉದ್ದಿನಬೇಳೆ ಕಟ್ಟಿಬಿಟ್ಟಿದ್ದ. ಎದುರು ಮನೆಯ ಅಜ್ಜ ಹೋದ ವರ್ಷದ ಪಂಚಾಂಗ ಹಿಡಿದು ಕೂತಿದ್ದರು. ಯಾಕೆ ಹಳೇದು ಎಂದರೆ, "ಈ ವರ್ಷದ್ದು ಓದಾಕೆ ಹೆದರಿಕೆ ಆಗ್ತದೆ ಕಣವ್ವಾ. ಹೋದ ವರ್ಷ ಏನೂ ಆಗಲಿಲ್ಲ ಅಂತ ಗೊತ್ತೈತಲ್ಲ" ಎಂದರು. ಆಸ್ಪತ್ರೆಯ ಕಾಂಪೌಂಡರ್ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದರು. ಅವರ ಆಸ್ಪತ್ರೆಯಲ್ಲಿ ಯಾರು ಯಾಕೆ ಸತ್ತರೆಂದು ಯಾರೂ ಹೇಳುವುದಿಲ್ಲವಂತೆ, ಪುಸ್ತಕದಲ್ಲಾದರೂ ಕೊನೆಗೆ ತಿಳಿಯುತ್ತದಂತೆ. ಅವ್ವ ಎಲ್ಲರ ಮಾತನ್ನೂ ಬಾಯಿ ಬಿಟ್ಟುಕೊಂಡು ಕೇಳಿದಳು. ನಮ್ಮ ಪುಸ್ತಕ ಯಾರ ಹತ್ತಿರವೂ ಇರಲಿಲ್ಲ.

"ನ್ಯಾಮತೀಲಿ ಒಬ್ರು ನರ್ಸಮ್ಮ ಇದಾರೆ, ರಿಟೈರ್ ಆಗ್ಯಾರೆ. ಪೆಟ್ಟಿಗೆ ತುಂಬ ಪುಸ್ತಕ ಮಡಗ್ಯಾರೆ" ಎಂದರು ಕಾಂಪೌಂಡರ್. ಅವ್ವ ಚಿಗವ್ವನ ಮನೆಯ ಊಟವನ್ನೂ ಬಿಟ್ಟು ಬಸ್ಸು ಹತ್ತಿದಳು.

ನರ್ಸಮ್ಮ ನಮ್ಮ ಹರಿದ ಪುಸ್ತಕವನ್ನು ಒಂದು ಕ್ಷಣ ತಿರುವಿ ಹಾಕಿದರು. ಒಳಗೆ ಹೋಗಿ ಪೆಟ್ಟಿಗೆ ಕೆದಕಿ, ರಟ್ಟು ಸಮೇತ ಇಡೀ ಪುಸ್ತಕ ತಂದು ನನ್ನ ಕೈಗಿಟ್ಟರು. ಜಗಲಿಯ ಮೇಲೆ ಕೂತು ನಾನು ಕೊನೆಯ ಹಾಳೆಗಳನ್ನು ಗಟ್ಟಿಯಾಗಿ ಓದಿದೆ. ಹುಡುಗಿ ಹಿಂತಿರುಗಿ ನೋಡದೆ ಹೊಸ್ತಿಲು ದಾಟಿ ಹೋಗಿಬಿಟ್ಟಿದ್ದಳು.

ಅವ್ವ ಬಾಗಿ ಹಾಳೆಯೊಳಗೆ ಇಣುಕಿದಳು. "ಎಲ್ಲಿಗೆ ಹೋದ್ಲು?"

"ಬರೆದಿಲ್ಲವ್ವಾ."

"ಕಾಲಿಗೆ ಚಪ್ಪಲಿ ಹಾಕ್ಕಂಡಿದ್ಲಾ?"

ನಾನು ಮತ್ತೆ ನೋಡಿದೆ. ಅದನ್ನೂ ಬರೆದಿರಲಿಲ್ಲ. "ಬರೆದವನಿಗೆ ಅಷ್ಟು ಬುದ್ಧಿ ಬ್ಯಾಡ್ವಾ? ಬರಿಗಾಲಲ್ಲಿ ಹೆಣ್ಣುಮಗಳನ್ನ ಹೊರಗೆ ಕಳಿಸಿದ್ನಲ್ಲ" ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾದಂಬರಿ ಕಂಡರೆ ಉರಿದುಬೀಳುತ್ತಿದ್ದ ಹೆಂಗಸು! ನನಗೆ ನಗು ಬಂತು, ಅವಳ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ನರ್ಸಮ್ಮ ಆ ಪುಸ್ತಕವನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಮತ್ತೆ ತಮ್ಮ ರಾಗ ತೆಗೆದರು. ಅವ್ವ ಶೇಂಗಾ ವ್ಯಾಪಾರಿಗೆ ತಾನೇ ಹೇಳಿದಳು: "ಹೊರಗೇ ಹೋದ್ಲು ಅಂತ ಹೇಳ್ರಿ. ಸುಳ್ಳು ಹೇಳಿ ಮಗಳನ್ನ ಕೊಡಾಕೆ ನನಗೆ ಮನಸ್ಸಿಲ್ಲ. ಬ್ಯಾಡ ಅಂದ್ರೆ ಬ್ಯಾಡ."

ಉತ್ತರ ಹೇಳಲು ಆ ತಾಯಿಯೇ ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಬಂದರು. ಚಾಪೆ ಹಾಸುವ ಮೊದಲೇ, "ಹೋದ್ಲಂತಲ್ಲ, ಸದ್ಯ! ಅಂಥ ಅತ್ತೆ ಹತ್ರ ಯಾವಳು ಇರ್ತಾಳೆ?" ಎಂದರು. ಆಮೇಲೆ ಅವ್ವನ ಕಡೆ ತಿರುಗಿ, "ನನಗೆ ಒಂದಕ್ಷರ ಬರಲ್ಲ ಬೀಗರೆ. ಗಂಡು ಮಕ್ಕಳಿಗೆ ಓದಿ ಹೇಳ್ರೋ ಅಂದ್ರೆ ಪುರುಸೊತ್ತಿಲ್ಲ. ಅವತ್ತು ನಿಮ್ಮ ಮಗಳು ಹೇಳಿದ ಕಥೆ ಕೇಳಿ ನನಗೆ ನಿದ್ದೆ ಬಂದಿಲ್ಲ. ನಿಮ್ಮ ಹುಡುಗೀನ ಕೊಡ್ರಿ" ಎಂದರು. ಅವ್ವ ಒಳಗೆ ಹೋಗಿ ಅವತ್ತೂ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಿದ್ದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಎಲ್ಲರ ಮುಂದೆ ಅಕ್ಕನ ಕೈಗೆ ಕೊಟ್ಟಳು.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಕೊಡುವುದಕ್ಕೆ ಓದಿಸುವುದು ಎನ್ನುತ್ತಾರೆ. ಕೊಟ್ಟವರ ಹೆಸರು, ಕೊಟ್ಟ ಸಾಮಾನು, ಎರಡನ್ನೂ ಒಬ್ಬರು ಗಟ್ಟಿಯಾಗಿ ಕೂಗುತ್ತಾರೆ. ಸ್ಟೀಲಿನ ಕೊಡ, ಗೋಡೆ ಗಡಿಯಾರ ಎಲ್ಲ ಆದ ಮೇಲೆ ಅವ್ವ ಚೀಲದಿಂದ ನರ್ಸಮ್ಮನ ಪುಸ್ತಕ ತೆಗೆದಳು. ಕೂಗುವವರು ಒಂದು ಗಳಿಗೆ ತಡವರಿಸಿ, "ಹುಡುಗೀ ತಾಯಿ ಓದಿಸಿದ್ದು, ಓದಾಕೆ ಒಂದು ಪುಸ್ತಕ!" ಎಂದರು. ಚಪ್ಪರವೆಲ್ಲ ನಕ್ಕಿತು. ಅವ್ವನೂ ನಕ್ಕಳು.

ಅಕ್ಕ ಹೋದ ಮೇಲೆ ಜಗಳೂರಿನ ಕಡೆಯಿಂದ ಯಾರೇ ಬರಲಿ, ಅವ್ವ ಅವರನ್ನು ಕೂರಿಸಿ ನೀರು ಕೊಟ್ಟು, "ನಮ್ಮ ಹುಡುಗಿ ಏನ್ ಓದ್ತಾ ಇದಾಳೆ?" ಎನ್ನುತ್ತಿದ್ದಳು. ಚೆನ್ನಾಗಿದ್ದಾಳಾ ಎಂದು ಕೇಳಿದರೆ ಯಾರಾದರೂ ಹೂಂ ಅನ್ನುತ್ತಾರೆ. ಇದಕ್ಕೆ ಹಾಗೆ ಹೇಳಲು ಬರುವುದಿಲ್ಲ. ಶೇಂಗಾ ವ್ಯಾಪಾರಿ ಉತ್ತರವನ್ನು ಅಕ್ಕನಿಂದಲೇ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು: ಯಾವ ಪುಸ್ತಕ, ಯಾಕೆ ತಗೊಂಡಳು, ಕಥೆ ಎಲ್ಲಿಗೆ ಬಂತು.

ಬಾಣಂತನ ಮುಗಿಸಿ ಅಕ್ಕನನ್ನು ಕೂಸಿನೊಂದಿಗೆ ಕಳಿಸಿಕೊಟ್ಟ ಮೇಲೆ ಒಂದು ಸಲ ಬಂದ ಶೇಂಗಾ ವ್ಯಾಪಾರಿ ತಲೆ ಕೆರೆದುಕೊಂಡರು. "ಏನೂ ಓದ್ತಾ ಇಲ್ಲವಂತೆ ಕಣವ್ವಾ. ಪುಸ್ತಕ ಮುಟ್ಟೇ ಬಹಳ ದಿನ ಆತಂತೆ."

ಅವ್ವ ಅವತ್ತೇ ಚೀಲ ಕಟ್ಟಿದಳು. ಮಾರನೇ ದಿನದ ಮೊದಲ ಬಸ್ಸಿಗೆ ಅವಳೂ ನಾನೂ ಹೊರಟೆವು. ದಾರಿಯುದ್ದಕ್ಕೂ ಆ ಕಾದಂಬರಿಯ ಬಚ್ಚಲೊಲೆ ಅವಳ ಕಣ್ಣ ಮುಂದೆ ಉರಿಯುತ್ತಿತ್ತೆಂದು ನನಗೆ ಗೊತ್ತು.

ಜಗಳೂರಿನ ಮನೆಯ ಬಾಗಿಲು ತೆರೆದಿತ್ತು. ಅಕ್ಕ ನಡುಮನೆಯ ಚಾಪೆಯ ಮೇಲೆ ಕೂಸಿನ ಪಕ್ಕ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಕಾಲು ಚಾಚಿ ಕೂತಿದ್ದರು. ಮೂಗಿನ ಮೇಲೆ ಅಕ್ಕನ ಕನ್ನಡಕ. ತೊಡೆಯ ಮೇಲೆ ಪುಸ್ತಕ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ಪಿಸುಗುಡುತ್ತಾ ಓದುತ್ತಿದ್ದರು. ನಮ್ಮನ್ನು ಕಂಡು ತಲೆಯೆತ್ತಿದರು.

"ಇವಳು ಓದಾಕೆ ಕೂತ್ರೆ ಎರಡನೇ ಸಾಲಿಗೇ ಮಲಗಿಬಿಡ್ತಿದ್ಲು ಬೀಗರೆ, ಆಮೇಲೆ ಪುಸ್ತಕ ಮುಟ್ಟೋದೇ ಬಿಟ್ಲು. ಕಥೆ ಅರ್ಧಕ್ಕೆ ನಿಂತೈತೆ. ಎಷ್ಟು ದಿನ ಅಂತ ಕಾಯಾನ? ಅಕ್ಷರ ಕಲಿಸಿಕೊಡು ಅಂದೆ, ಕಲಿಸಿದ್ಲು" ಎಂದವರು, ಅವ್ವ ಇನ್ನೂ ಹೊಸ್ತಿಲ ಮೇಲೇ ಇದ್ದದ್ದನ್ನು ನೋಡಿದರು. "ಯಾಕ್ರೀ ಅಲ್ಲೇ ನಿಂತ್ರಿ? ಒಳಗೆ ಬರ್ರಿ."

ಅವ್ವ ಚಪ್ಪಲಿ ಬಿಟ್ಟು ಒಳಗೆ ಹೋದಳು.