ಮಂಡಿಯ ಎದುರಿನ ಕಂಬ

ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಯ ಲೈನ್‌ಮನ್ ಹಳೆಯ ಮಂಚದ ಮೇಲೆ ಆಟದ ರೈಲುದಾರಿ ಕಟ್ಟಿದರು. ನಿಜದಲ್ಲಿ ಚಾಮರಾಜನಗರಕ್ಕೇ ನಿಂತುಹೋಗುವ ಹಳಿಯನ್ನು ತಮ್ಮ ಪಾಡಿಗೆ ಗುಂಡ್ಲುಪೇಟೆಯವರೆಗೂ ಎಳೆದರು. ಪಕ್ಕದಲ್ಲಿ ಊದುಬತ್ತಿ ಕಡ್ಡಿಯ ವಿದ್ಯುತ್ ಕಂಬಗಳು, ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ.

"ಒಸಿ ಜೋಲು ಬುಡ್ಬೇಕು ಕಣಪ್ಪ, ಬಿಗ್ದ್ರೆ ಕಿತ್ಕತದೆ," ಎನ್ನುತ್ತ ಪ್ರತಿ ತಂತಿಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದರು.

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಎದುರಿನ ಕಂಬಕ್ಕೆ ಮಾತ್ರ ತಂತಿ ಇರಲಿಲ್ಲ. ಮರೆತಿರಬೇಕೆಂದು ನಾನೇ ಕಟ್ಟಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ನಿಜವಾದ ಆ ಕಂಬದ ಮೇಲೆ ಅವರ ಜೊತೆಗಾರ ಕರೆಂಟ್ ಹೊಡೆದು ಸತ್ತಿದ್ದು ನಮ್ಮ ಬೀದಿಗೆಲ್ಲ ಗೊತ್ತಿತ್ತು.

"ಕಂಬ ಅತ್ತಿದೋನು ಇಳ್ದು ಬರೋಗಂಟ ಲೈನ್ ಕೊಡಂಗಿಲ್ಲ ಕಣಪ್ಪ," ಎಂದರು. "ಅವ್ನಿನ್ನೂ ಇಳ್ದಿಲ್ಲ."