ಬರೆದವರು ಬಾಯಿ ತೆರೆಯಬಾರದು

ಮೊದಲು ಸೀನಿದವರು ಯಾರು ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಸೀನಿನಂಥ ಕ್ಷುದ್ರ ಸಂಗತಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಆದರೆ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಮಹಡಿಯಲ್ಲಿ ನಾವು ಮೂವರು ಕೂತಿದ್ದಾಗ ಒಬ್ಬರು ಸೀನಿದ ಗಳಿಗೆಯಲ್ಲೇ ಇನ್ನೊಬ್ಬರು, ‘ಬರದವರು ಬಾಯಿ ತಗೀಬಾರದು’ ಎಂದರು. ಸೀನುತ್ತಿರುವವರು ಮಾತನಾಡಲಾರರು. ಆ ಮಾತು ನನ್ನದೆಂದೇ ಇದುವರೆಗೆ ನಂಬಿದವನಿಗೆ ಆ ಸೀನು ಯಾರದೆಂಬುದು ಸಣ್ಣ ಪ್ರಶ್ನೆಯಲ್ಲ.

ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಮೇಲೆ, ಎರಡು ಕೋಣೆಗಳಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ತೂಕ, ಬಿಲ್ಲು ನೋಡಿಕೊಳ್ಳುವ ಪ್ರೋಗ್ರಾಮನ್ನು ಬರೆದವರು ಸವಿತಾ. ಅಂಗಡಿಯಿಂದ ಅಂಗಡಿಗೆ ಹೋಗಿ ಅದನ್ನು ಕೂರಿಸುತ್ತಿದ್ದವನು ಮಲ್ಲೇಶಿ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸುವ ವಿದ್ಯೆಯೊಂದನ್ನೇ ಗಟ್ಟಿಯಾಗಿ ಕಲಿತು ಬಂದು ಇವರಿಬ್ಬರ ಮೇಲ್ವಿಚಾರಕನೆನಿಸಿಕೊಂಡವನು ನಾನು. ಎಲ್ಲಿ ಸರ್ವರ್ ನಿಂತರೂ ಮಲ್ಲೇಶಿ ಸವಿತಾರಿಗೆ ಫೋನು ಹಚ್ಚುತ್ತಿದ್ದ. ತಮ್ಮ ಮದುವೆಯ ಅರಿಷಿಣದ ಕೈಯಲ್ಲೇ ಮೊಬೈಲು ಹಿಡಿದು ಆಕೆ ಅವನಿಗೆ ದಾರಿ ಹೇಳಿದ್ದುಂಟು.

ಈಗ ಆಕೆ ಚೊಚ್ಚಲ ಹೆರಿಗೆಗೆ ಹಾವೇರಿಯ ತವರಿಗೆ ಹೊರಟಿದ್ದರು. ‘ಬಾಣಂತನದಾಗ ನನ್ನ ಫೋನ್ ಅವ್ವನ ಕಡೆ ಇರ್ತೈತ್ರಿ ಸರ್. ಸರ್ವರ್ ನಿಂತೈತಿ ಅಂತ ಆಕಿಗೆ ಹೇಳಿ ನೋಡ್ರಿ, ಏನ್ ಉತ್ತರ ಬರ್ತೈತಿ’ ಎಂದು ನಕ್ಕರು. ನಗುವಿನ ಕೆಳಗೆ ಒಂದು ಬೇಡಿಕೆ ಇತ್ತು: ಆ ಕೆಲವು ತಿಂಗಳಾದರೂ ತನ್ನನ್ನು ಯಾರೂ ಕರೆಯಬಾರದು. ಹಾಗಾಗಬೇಕಾದರೆ ಆಕೆಯ ತಲೆಯಲ್ಲಿದ್ದುದು ಹಾಳೆಗೆ ಇಳಿಯಬೇಕು, ಇಳಿದದ್ದು ಉಳಿದವರಿಗೆ ತಿಳಿಯಬೇಕು. ಡಾಕ್ಯುಮೆಂಟೇಶನ್ ಸುಧಾರಣೆಗೊಂದು ಕಾರ್ಯಾಗಾರವಾಗಲಿ ಎಂದು ಮಾಲೀಕರು ಅಪ್ಪಣೆ ಕೊಟ್ಟರು. ರೂಪುರೇಷೆ ನನ್ನ ಪಾಲಿಗೆ ಬಂತು.

ನಾನು ಕೂತಲ್ಲಿ ಕೂರದೆ ಯೋಜನೆ ಮಾಡಿದೆ. ಪ್ರಾರ್ಥನೆ, ಸ್ವಾಗತ, ಬರವಣಿಗೆಯ ಮಹತ್ವ ಕುರಿತು ನನ್ನದೇ ಉಪನ್ಯಾಸ, ಊಟ, ಅದೇ ಮಹತ್ವದ ಉಳಿದ ಭಾಗ, ವಂದನಾರ್ಪಣೆ. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಹೊಸ ಕಂಪ್ಯೂಟರು ಕೂರಿಸಲು ಮೂವರೂ ಆ ದಲಾಲಿ ಅಂಗಡಿಗೆ ಹೋದ ದಿನ, ಕೆಳಗಿನ ರಾಶಿಯ ಘಾಟಿನ ನಡುವೆ ಇದನ್ನು ಓದಿ ಹೇಳಿದೆ.

‘ಸರ್, ಇದು ಕಾರ್ಯಾಗಾರನೋ, ನನ್ನ ಕುಬಸದ ಕಾರ್ಯಕ್ರಮನೋ? ಉಡಿ ತುಂಬೋದೊಂದು ಬಾಕಿ ಐತಿ ನೋಡ್ರಿ’ ಎಂದರು ಸವಿತಾ.

ನನ್ನ ನಿಜವಾದ ಸಂಶಯ ಬೇರೆಯೇ ಇತ್ತು. ನಮ್ಮ ಕಡೆಯವರು ಓದುವುದಿಲ್ಲ, ಕೇಳುತ್ತಾರೆ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಹಣೆಯ ಮೇಲೆ ದೊಡ್ಡದಾಗಿ ಹಾವೇರಿ ಎಂದು ಬರೆದುಕೊಂಡ ಬಸ್ಸು ನಿಂತಿದ್ದರೂ ‘ಹಾವೇರಿಗೆ ಹೊಕ್ಕೈತೇನ್ರಿ?’ ಎಂದು ಕಂಡಕ್ಟರನನ್ನು ಕೇಳಿ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳಿ, ಆಮೇಲೆ ಅವರ ಊರು, ಮನೆತನ, ಮಗಳ ಸಂಬಂಧದವರೆಗೆ ಹೋಗುವ ಜನ ನಾವು. ಕೇಳದೆ ಫಲಕ ನೋಡಿ ಹತ್ತುವವನು ನಮಗೆ ತುಸು ಗರ್ವಿಷ್ಠನಂತೆ ಕಾಣುತ್ತಾನೆ. ಇಂಥವರ ಮುಂದೆ ಹಾಳೆ ಇಟ್ಟು, ಬರೆದವರು ಪಕ್ಕದಲ್ಲೇ ಕೂತಿದ್ದರೆ, ಓದುವವರು ಯಾರು? ಇದನ್ನು ಬಾಯಿಬಿಟ್ಟೇ ಕೇಳಿದೆ.

ಆಗಲೇ ಆ ಸೀನು, ಆಗಲೇ ಆ ಮಾತು. ಕೂಡಲೇ ಪರೀಕ್ಷೆಗೆ ಇಳಿದೆವು. ಸವಿತಾ ಆಗಲೇ ಬರೆದು ತಂದಿದ್ದ ಹಾಳೆ ಹಿಡಿದು ಮಲ್ಲೇಶಿ ಕಂಪ್ಯೂಟರಿನ ಮುಂದೆ ಕೂತ. ಎರಡನೆಯ ಸಾಲಿಗೇ ನಿಂತ.

‘“ಎಂದಿನಂತೆ ಸರ್ವರ್ ಚಾಲೂ ಮಾಡಿ.” ಎಂದಿನಂತೆ ಅಂದ್ರ ಹೆಂಗ್ರಿ ಅಕ್ಕಾರ?’

ಸವಿತಾ ಬಾಯಿ ತೆರೆದರು, ನೆನಪಾಗಿ ಸೆರಗು ಅಡ್ಡ ಹಿಡಿದರು. ಮಲ್ಲೇಶಿ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಅವನು ಏನನ್ನೋ ಒತ್ತಿದ, ಪರದೆ ಕಪ್ಪಾಯಿತು. ಅಷ್ಟರಲ್ಲಿ ಅಂಗಡಿಯ ಸಾವ್ಕಾರರು ಮೆಟ್ಟಿಲೇರಿ ಬಂದು ನಮ್ಮ ಮೌನ ಕಂಡು ಗಾಬರಿಯಾದರು.

‘ಯಾಕ್ರೀ, ಮೂರೂ ಮಂದಿ ಮಾತು ಬಿಟ್ಟೀರಿ? ನನ್ನ ಅಂಗಡ್ಯಾಗ ಜಗಳಾ ಬ್ಯಾಡ್ರೆಪಾ.’

‘ಜಗಳಲ್ರಿ ಸಾವ್ಕಾರ್ರ, ಡಾಕ್ಯುಮೆಂಟೇಶನ್ನು’ ಎಂದ ಮಲ್ಲೇಶಿ.

ಸವಿತಾ ಆ ‘ಎಂದಿನಂತೆ’ಯನ್ನು ಹೊಡೆದುಹಾಕಿ, ಮೊದಲು ಯಾವ ಸ್ವಿಚ್ಚು, ಯಾವ ದೀಪ ಹಸಿರಾಗುವತನಕ ಕಾಯಬೇಕು ಎಂದೆಲ್ಲ ಬರೆದರು. ಬರೆಯುತ್ತ ಬರೆಯುತ್ತ ಅವರ ಮುಖ ಗಂಭೀರವಾಯಿತು. ಅರಿಷಿಣದ ಕೈಯಲ್ಲಿ ಫೋನು ಹಿಡಿಸಿದ್ದು ಮಲ್ಲೇಶಿಯೂ ಅಲ್ಲ, ಸರ್ವರ್ ಕೂಡ ಅಲ್ಲ, ಈ ಒಂದು ಶಬ್ದ. ತನಗೆ ಅಭ್ಯಾಸವಾದದ್ದು ಲೋಕಕ್ಕೂ ಅಭ್ಯಾಸವಾಗಿದೆ ಎಂದುಕೊಳ್ಳುವ ಭ್ರಮೆ ಸವಿತಾರಿಗಷ್ಟೇ ಇದ್ದದ್ದಲ್ಲ. ನನ್ನ ಉಪನ್ಯಾಸದ ತುಂಬ ಅದೇ ಇತ್ತು.

ಕಾರ್ಯಾಗಾರ ಕೊನೆಗೆ ನಡೆದದ್ದು ಪ್ರಾರ್ಥನೆಯಿಲ್ಲದೆ, ಸ್ವಾಗತವಿಲ್ಲದೆ. ಒಬ್ಬರು ಓದಿ ಮಾಡುವುದು, ಬರೆದವರು ಸುಮ್ಮನೆ ನೋಡುವುದು. ಬಾಯಿ ತೆರೆದವರು ಎಲ್ಲರಿಗೂ ಚಹಾ ತರುವುದು. ಚಹಾ ತಂದು ತಂದು ನನ್ನ ಕಾಲು ಸೋತವು.

ಸವಿತಾ ಹಾವೇರಿಗೆ ಹೋದರು. ಮುಂದೊಮ್ಮೆ ಭರ್ತಿ ವ್ಯಾಪಾರದ ಹೊತ್ತಿನಲ್ಲಿ ಕರೆಂಟು ಹೋಗಿ ಬಂದು, ಬ್ಯಾಡಗಿಯಲ್ಲಿ ಸರ್ವರ್ ನಿಂತಿತು. ಮಲ್ಲೇಶಿ ಹಾಳೆ ಹಿಡಿದು ಕೂತಿದ್ದಾನೆಂದು ತಿಳಿದರೂ ನಾನು ರಾಣೆಬೆನ್ನೂರಿನ ಎರಡು ಕೋಣೆಗಳ ನಡುವೆ ಅಡ್ಡಾಡುತ್ತ ಮೊಬೈಲು ತೆಗೆದೆ, ಸವಿತಾರ ನಂಬರು ಹುಡುಕಿದೆ. ಒತ್ತಿದೆನೇ? ಒತ್ತಿ ಕೂಡಲೇ ಕತ್ತರಿಸಿದಂತೆ ನೆನಪು. ಒತ್ತುವ ಮೊದಲೇ ಮಲ್ಲೇಶಿಯ ಕರೆ ಬಂದು, ‘ಚಾಲೂ ಆತ್ರಿ ಸರ್, ಹಾಳಿ ನೋಡೇ ಮಾಡಿದ್ನಿ’ ಎಂದದ್ದೂ ಅಷ್ಟೇ ಸ್ಪಷ್ಟ ನೆನಪು. ಎರಡೂ ನಿಜವಾಗಿರಲಾರವು. ಆಕೆ ಕೇಳಿದ್ದು ಒಂದೇ ಒಂದು. ಅದನ್ನೂ ನಾನು ಮುರಿದೆನೋ ಎಂಬುದು ವಾರಗಟ್ಟಲೆ ಚುಚ್ಚಿತು.

ಕೂಸು ನೋಡಲು ಮಲ್ಲೇಶಿಯೊಂದಿಗೆ ಹಾವೇರಿಗೆ ಹೋದಾಗ ಲೋಬಾನದ ಹೊಗೆಯ ಕೋಣೆಯಲ್ಲಿ ಸೀನಿನ ಪ್ರಶ್ನೆ ಎತ್ತಿದೆ. ‘ಸೀನಿದವರು ನೀವ ಸರ್, ಮಾತು ನಂದು’ ಎಂದರು ಸವಿತಾ. ‘ಇಬ್ರೂ ಸೀನಿದ್ರಿ, ಮಾತು ನಂದು’ ಎಂದ ಮಲ್ಲೇಶಿ. ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಸೀನಿತು. ಅದೊಂದು ಸೀನು ಯಾರದೆಂಬ ತಕರಾರು ಬರಲಿಲ್ಲ.

ಹೊರಡುವಾಗ ಸವಿತಾರ ತಾಯಿಯನ್ನು ಪಡಸಾಲೆಯಲ್ಲಿ ತಡೆದು, ಆಫೀಸಿನಿಂದ ಈ ದಿನಗಳಲ್ಲಿ ಯಾವುದಾದರೂ ಕರೆ ಬಂದಿತ್ತೇ ಎಂದು ಕೇಳಿದೆ.

‘ಫೋನು ನನ್ನ ಸೊಂಟದಾಗ ಐತ್ರಿ ತಮ್ಮಾ, ಇಳಿಸೇ ಇಲ್ಲ. ಒಂದೂ ಬಂದಿಲ್ಲ’ ಎಂದರು ಆ ತಾಯಿ. ‘ನೀವು ಮಾಡಿದ್ರ ನಾ ಏನಂತಿದ್ನೆಪಾ, ಅದು ನಿಮಗ ಜೀವಮಾನ ನೆನಪಿರ್ತಿತ್ತು ಬಿಡ್ರಿ.’

ಆ ಫೋನು ನಮ್ಮಿಂದ ಒಮ್ಮೆಯೂ ರಿಂಗಾಗಿರಲಿಲ್ಲ. ನನ್ನ ಮೊಬೈಲಿನ ಕರೆಪಟ್ಟಿ ಓದಿದ್ದರೂ ತಿಳಿಯುತ್ತಿತ್ತು; ಆದರೆ ಇದನ್ನು ಮಾತ್ರ ನಾನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.